ಲೈಂಗಿಕ ರೋಗದ ಟೆಸ್ಟ್ 9 ಸಲ ನೆಗೆಟಿವ್ ಬಂದಿದೆ, ಆದರೂ ಭಯ ಬಿಡುತ್ತಿಲ್ಲ. ಏನು ಮಾಡಲಿ?

ನಿದ್ದೆಗೆಟ್ಟವನು:

ಎಲ್ಲರಿಗೂ ನಮಸ್ಕಾರ. ಇದನ್ನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದ್ದೇನೆ. ಇವತ್ತು ಏನಾದರಾಗಲಿ ಅಂತ ಹಾಕುತ್ತಿದ್ದೇನೆ.

ನನಗೆ 34. ಮದುವೆಯಾಗಿದೆ, 3 ವರ್ಷದ ಮಗಳಿದ್ದಾಳೆ. 14 ತಿಂಗಳ ಹಿಂದೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾಗ ಕುಡಿದ ಮತ್ತಿನಲ್ಲಿ ಒಂದು ತಪ್ಪು ಮಾಡಿದೆ. ಒಂದೇ ಸಲ. ಕಾಂಡೋಮ್ ಇತ್ತು, ಹರಿದಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಹಿಡಿದ ಭಯ ಇವತ್ತಿಗೂ ಬಿಟ್ಟಿಲ್ಲ.

6 ವಾರಕ್ಕೆ ಎಚ್‌ಐವಿ ಟೆಸ್ಟ್ ಮಾಡಿಸಿದೆ. ನೆಗೆಟಿವ್. ಲ್ಯಾಬಿನ ಹೊರಗೆ ಬೈಕ್ ಮೇಲೆ ಕೂತು ಅತ್ತುಬಿಟ್ಟೆ, ಅಷ್ಟು ಹಗುರ ಆಗಿತ್ತು. ಎರಡು ದಿನ ಚೆನ್ನಾಗಿದ್ದೆ. ಮೂರನೇ ದಿನ ಎಲ್ಲೋ ‘6 ವಾರ ಸಾಲದು, 3 ತಿಂಗಳು ಕಾಯಬೇಕು’ ಅಂತ ಓದಿದೆ. 3 ತಿಂಗಳಿಗೆ ಮತ್ತೆ ಮಾಡಿಸಿದೆ, ನೆಗೆಟಿವ್. ಆಮೇಲೆ ಸಿಫಿಲಿಸ್ ತಲೆಗೆ ಹೊಕ್ಕಿತು, ಅದಾದ ಮೇಲೆ ಹೆಪಟೈಟಿಸ್ ಬಿ, ಸಿ, ಆಮೇಲೆ ಮೂತ್ರದ ಟೆಸ್ಟು ಗೊನೋರಿಯಾ ಮತ್ತು ಕ್ಲಮೀಡಿಯಾಗೆ. ಎಲ್ಲವೂ ನೆಗೆಟಿವ್. ಮತ್ತೆ ಎಚ್‌ಐವಿಗೆ ವಾಪಸ್. ಒಟ್ಟು 9 ಸಲ ರಕ್ತ ಕೊಟ್ಟಿದ್ದೇನೆ, ಒಂದೇ ಕಡೆ ಹೋದರೆ ಗುರುತು ಹಿಡಿಯುತ್ತಾರೆ ಅಂತ ಬೇರೆ ಬೇರೆ ಲ್ಯಾಬಿನಲ್ಲಿ. ಕೊನೆಯದು ಕಳೆದ ತಿಂಗಳು, ಅಂದರೆ 13 ತಿಂಗಳಾದ ಮೇಲೆ.

ದಿನಾ ಬೆಳಿಗ್ಗೆ ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ನಾಲಿಗೆ ನೋಡುತ್ತೇನೆ, ಬೆಳ್ಳಗಿದೆಯಾ ಅಂತ. ಫೋಟೋ ತೆಗೆದು ನಿನ್ನೆಯ ಫೋಟೋ ಜೊತೆ ಹೋಲಿಸುತ್ತೇನೆ. ಕುತ್ತಿಗೆ, ಕಂಕುಳು, ತೊಡೆಸಂದು ಒತ್ತಿ ಒತ್ತಿ ಗಂಟು ಹುಡುಕುತ್ತೇನೆ. ಕೆಳಗೆ ಒಂದು ಸಣ್ಣ ಚುಕ್ಕೆ ಕಂಡರೂ ಎದೆ ಧಸಕ್ ಅನ್ನುತ್ತದೆ. ಮಗಳು ಓಡಿ ಬಂದು ಮುತ್ತು ಕೊಟ್ಟರೆ ಮುಖ ತಿರುಗಿಸುತ್ತೇನೆ. ನನ್ನ ಟವೆಲ್, ಲೋಟ ಬೇರೆ ಮಾಡಿಕೊಂಡಿದ್ದೇನೆ. ಹೆಂಡತಿಯ ಹತ್ತಿರ ಹೋಗಿ ಒಂದು ವರ್ಷವಾಯಿತು. ಅವಳು ಕಾರಣ ಕೇಳುವುದನ್ನೂ ನಿಲ್ಲಿಸಿದ್ದಾಳೆ. ಅದು ಬಂದರೆ ನನ್ನ ಬದುಕೇ ಮುಗಿದ ಹಾಗೆ. ಬರದೇ ಇದ್ದರೂ ಹೀಗೇ ಮುಗಿಯುತ್ತದೇನೋ ಅನಿಸುತ್ತಿದೆ.

ನನ್ನ ಟೆಸ್ಟುಗಳನ್ನು ನಂಬಬಹುದಾ? ಇದರಿಂದ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಸೀದಾಮಾತು:

9 ಸಲ ನೆಗೆಟಿವ್ ಬಂದಿದೆ ಅಂದರೆ ರೋಗ ಇಲ್ಲ ಅಂತಲೇ ಅರ್ಥ ಬ್ರದರ್. ಇಂಟರ್ನೆಟ್‌ನಲ್ಲಿ ಹುಡುಕುವುದನ್ನು ಮೊದಲು ಬಿಡಿ. ಮಗಳನ್ನು ಎತ್ತಿಕೊಳ್ಳಿ. ಸುಮ್ನೆ ಕೆರೆದು ಹುಣ್ಣು ಮಾಡಿಕೊಳ್ಳುತ್ತಿದ್ದೀರಿ.

ಮಳೆಬಿಲ್ಲು_22:

ಸೀದಾಮಾತು ಅವರು ಹೇಳಿದ್ದು ಸರಿಯೇ. ಆದರೆ ‘ಬಿಡಿ’ ಅಂದ ತಕ್ಷಣ ಬಿಡುವ ಹಾಗಿದ್ದರೆ ಇವರು ಎಂದೋ ಬಿಟ್ಟಿರುತ್ತಿದ್ದರು. ನಾನು ನಾಲ್ಕು ವರ್ಷ ಇದರಲ್ಲೇ ಇದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ನನ್ನದು 23 ಟೆಸ್ಟ್. ನಿಮ್ಮ ಹಾಗೇ ಮೊದಲ ನೆಗೆಟಿವ್ ಬಂದಾಗ ಜಗತ್ತೇ ಹೊಸದಾಗಿ ಕಂಡಿತ್ತು. ಆ ನೆಮ್ಮದಿ ಎರಡು ತಿಂಗಳು ಬಂತು. ಎರಡನೆಯದು ಎರಡು ವಾರ. ಐದನೆಯದೋ ಆರನೆಯದೋ ಒಂದು ರಾತ್ರಿ. ಕೊನೆಕೊನೆಗೆ ರಿಪೋರ್ಟ್ ಕೈಯಲ್ಲಿ ಹಿಡಿದು ಲ್ಯಾಬಿನ ಮೆಟ್ಟಿಲು ಇಳಿಯುವಷ್ಟರಲ್ಲೇ ‘ಸ್ಯಾಂಪಲ್ ಅದಲುಬದಲಾಗಿದ್ದರೆ?’ ಅನ್ನುವ ಯೋಚನೆ ಬಂದುಬಿಡುತ್ತಿತ್ತು. ಇಷ್ಟು ಹೊತ್ತಿಗೆ ನನಗೇ ಗೊತ್ತಾಗಬೇಕಿತ್ತು, ನನಗೆ ಬೇಕಿರುವುದು ರಿಪೋರ್ಟ್ ಅಲ್ಲ ಅಂತ. ಗೊತ್ತಾಗಲಿಲ್ಲ.

ಜಾಸ್ತಿ ಟೆಸ್ಟ್ ಮಾಡಿಸುವುದರಿಂದ ನಷ್ಟ ಏನು ಅಂತ ನೀವು ಕೇಳಬಹುದು. ನನಗಾದದ್ದು ಹೇಳುತ್ತೇನೆ. ಯಾವ ಲಕ್ಷಣವೂ ಇಲ್ಲದೆ, ಯಾವ ವೈದ್ಯರೂ ಹೇಳದೆ, ನಾನೇ ಹೋಗಿ ಹರ್ಪಿಸ್ ಅನ್ನುವ ಗುಳ್ಳೆ ರೋಗದ ರಕ್ತಪರೀಕ್ಷೆ ಮಾಡಿಸಿದೆ. ರಿಪೋರ್ಟಿನಲ್ಲಿ 1.4, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಪಾಸಿಟಿವ್. ಮೂರು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಆಮೇಲೆ ಒಬ್ಬ ಚರ್ಮರೋಗ ತಜ್ಞರು ನಿಧಾನವಾಗಿ ವಿವರಿಸಿದರು. ಆ ಟೆಸ್ಟಿನಲ್ಲಿ 1.1ರಿಂದ 3ರ ಒಳಗೆ ಬಂದ ಅಂಕಿ ಎಷ್ಟೋ ಸಲ ತಪ್ಪು ಪಾಸಿಟಿವ್ ಆಗಿರುತ್ತದೆ, ಇನ್ನೊಂದು ಬಗೆಯ ಟೆಸ್ಟ್ ಮಾಡದೆ ಅದನ್ನು ನಂಬಬಾರದು, ಲಕ್ಷಣ ಇಲ್ಲದವರಿಗೆ ಇದನ್ನು ಮಾಡಿಸಿ ಅಂತ ಹೇಳುವುದೇ ಇಲ್ಲ ಅಂದರು. ಎರಡನೇ ಟೆಸ್ಟ್ ನೆಗೆಟಿವ್ ಬಂತು. ನೆಮ್ಮದಿ ಹುಡುಕಿಕೊಂಡು ಹೋಗಿ ನಾನೇ ಕಾಸು ಕೊಟ್ಟು ತಂದುಕೊಂಡ ಮೂರು ತಿಂಗಳ ನರಕ ಅದು.

ಆ ವೈದ್ಯರೇ ನನ್ನನ್ನು ಮನೋವೈದ್ಯರ ಹತ್ತಿರ ಕಳಿಸಿದ್ದು. ಮೊದಲು ಅವಮಾನ ಆಯಿತು. ‘ನನಗೇನು ಹುಚ್ಚಾ’ ಅನಿಸಿತು. ಅವರು ಒಂದು ಕಾಗದದ ಮೇಲೆ ಒಂದು ದುಂಡಗಿನ ಗೆರೆ ಎಳೆದು ನಾಲ್ಕು ಕಡೆ ನಾಲ್ಕು ಪದ ಬರೆದರು: ಅನುಮಾನ, ಪರೀಕ್ಷೆ, ನೆಮ್ಮದಿ, ಮತ್ತೆ ಅನುಮಾನ. ‘ನೀವು ಅನುಮಾನದ ಜೊತೆ ಜಗಳ ಆಡುತ್ತಿದ್ದೀರಿ, ನಾವು ಮುಟ್ಟಬೇಕಾಗಿರುವುದು ಪರೀಕ್ಷೆಯನ್ನು’ ಅಂದರು. ಇದು ಗೀಳಿನ ಜಾತಿಗೆ ಸೇರಿದ್ದು, ಕೈ ತೊಳೆದದ್ದನ್ನೇ ತೊಳೆಯುತ್ತಾರಲ್ಲ ಆ ಥರ, ನೀನು ರಕ್ತ ಕೊಟ್ಟದ್ದನ್ನೇ ಕೊಡುತ್ತಿದ್ದೀಯ ಅಂದಾಗ ಎಷ್ಟೋ ವರ್ಷದ ಮೇಲೆ ಯಾರೋ ನನ್ನ ಭಾಷೆಯಲ್ಲಿ ಮಾತಾಡಿದ ಹಾಗಾಯಿತು.

ಚಿಕಿತ್ಸೆ ಅಂದರೆ ಏನು ಅಂತ ಹೇಳುತ್ತೇನೆ, ಯಾಕೆಂದರೆ ‘ಥೆರಪಿಗೆ ಹೋಗಿ’ ಅಂತ ಎಲ್ಲರೂ ಹೇಳುತ್ತಾರೆ, ಒಳಗೆ ಏನು ನಡೆಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಮೊದಲ ವಾರ ನಾಲಿಗೆ ನೋಡಬೇಡ ಅನ್ನಲಿಲ್ಲ. ನೋಡಬೇಕು ಅನಿಸಿದಾಗ 15 ನಿಮಿಷ ತಡೆದು ನೋಡು ಅಂದರು. ಅಷ್ಟೇ. ಆ 15 ನಿಮಿಷ ಬೆವರುತ್ತಿದ್ದೆ. ಆದರೆ ಕೆಲವು ಸಲ 15 ನಿಮಿಷ ಆದ ಮೇಲೆ ನೋಡುವುದೇ ಮರೆತುಹೋಗುತ್ತಿತ್ತು. ಆಮೇಲೆ 30 ನಿಮಿಷ, ಆಮೇಲೆ ಅರ್ಧ ದಿನ. ಮೂರನೇ ವಾರ ಫೋನಿನಲ್ಲಿದ್ದ ನಾಲಿಗೆ ಫೋಟೋಗಳನ್ನು ಅವರ ಎದುರಿಗೇ ಕೂತು ಅಳಿಸಿದೆ, 214 ಇದ್ದವು. ರಿಪೋರ್ಟುಗಳ ಕವರನ್ನು ಅವರ ಬೀರುವಿನಲ್ಲಿ ಇಟ್ಟು ಬಂದೆ.

ಕಷ್ಟದ್ದು ಅಂದರೆ ಕಥೆ ಬರೆಯುವುದು. ‘ನನಗೆ ರೋಗ ಇರಬಹುದು, ಯಾವ ಟೆಸ್ಟಿಗೂ ಸಿಗದೆ ಇರಬಹುದು, ನನಗೆ ಯಾವತ್ತೂ ಖಾತ್ರಿ ಆಗದೇ ಇರಬಹುದು’ ಅಂತ ಒಂದು ಪುಟ ನನ್ನ ಕೈಯಲ್ಲೇ ಬರೆಸಿ, ನನ್ನ ದನಿಯಲ್ಲೇ ಫೋನಿಗೆ ರೆಕಾರ್ಡ್ ಮಾಡಿಸಿ, ದಿನಾ 20 ನಿಮಿಷ ಕೇಳು ಅಂದರು. ಮಧ್ಯೆ ‘ಇಲ್ಲ ಇಲ್ಲ, ನೆಗೆಟಿವ್ ಬಂದಿದೆ’ ಅಂತ ಮನಸ್ಸಿಗೆ ಸಮಾಧಾನ ಹೇಳಬಾರದು. ಮೊದಲ ದಿನ ಎರಡು ನಿಮಿಷಕ್ಕೆ ಆಫ್ ಮಾಡಿ ವಾಂತಿ ಮಾಡಿಕೊಂಡೆ. ಒಂಬತ್ತನೇ ದಿನ ಕೇಳುತ್ತಾ ಕೇಳುತ್ತಾ ಆಕಳಿಕೆ ಬಂತು. ನಾಲ್ಕು ವರ್ಷ ನನ್ನನ್ನು ಆಡಿಸಿದ ವಾಕ್ಯಗಳು ಅವೇ, ಅವುಗಳನ್ನು ಕೇಳಿ ಆಕಳಿಸಿದೆ! ಅವತ್ತು ನನಗೆ ಇದು ಬಿಡುತ್ತದೆ ಅನ್ನುವ ಧೈರ್ಯ ಬಂದದ್ದು.

ಜೊತೆಗೆ ಮಾತ್ರೆಯೂ ಇತ್ತು, ಒಂದೂವರೆ ವರ್ಷ. ಈಗ ಇಲ್ಲ. ಪೂರ್ತಿ ಹೋಯಿತಾ ಅಂದರೆ, ವರ್ಷಕ್ಕೆ ಒಂದೆರಡು ಸಲ ಬಾಗಿಲು ತಟ್ಟುತ್ತದೆ. ನಾನು ಎದ್ದು ಹೋಗಿ ತೆಗೆಯುವುದಿಲ್ಲ.

ಇನ್ನೊಂದು ಮಾತು. ‘ಹೀಗೇ ಮುಗಿಯುತ್ತದೇನೋ’ ಅಂತ ಬರೆದಿದ್ದೀರಿ. ಸಾಯುವ ಯೋಚನೆ ಒಂಚೂರು ಬರುತ್ತಿದ್ದರೂ ಇವತ್ತೇ ಒಬ್ಬರಿಗೆ ಬಾಯಿ ಬಿಟ್ಟು ಹೇಳಿ, ವೈದ್ಯರಿಗೋ ಗೆಳೆಯನಿಗೋ. ನನಗೂ ಬರುತ್ತಿತ್ತು, ಅದಕ್ಕೇ ಕೇಳುತ್ತಿದ್ದೇನೆ.

ಕೌನ್ಸೆಲರ್ ಅಕ್ಕ:

ನಾನು ಎಚ್‌ಐವಿ ಪರೀಕ್ಷೆ ಮಾಡುವ ಕಡೆ ಕೌನ್ಸೆಲರ್, 12 ವರ್ಷದಿಂದ. ನಿಮ್ಮಂಥವರು ತಿಂಗಳಿಗೆ ಇಬ್ಬರಾದರೂ ನನ್ನ ಎದುರು ಕೂರುತ್ತಾರೆ. ನೀವು ಕೇಳಿದ್ದಕ್ಕೆ ಒಂದು ಸಲ ಪೂರ್ತಿ ಉತ್ತರ ಕೊಡುತ್ತೇನೆ. ಒಂದೇ ಸಲ, ಅದನ್ನು ನೆನಪಿಟ್ಟುಕೊಳ್ಳಿ.

ಎಚ್‌ಐವಿ: ಈಗ ಲ್ಯಾಬಿನಲ್ಲಿ ಸಾಮಾನ್ಯವಾಗಿ ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟು ವೈರಸ್ಸಿನ ಪಿ24 ಅನ್ನುವ ಪ್ರೋಟೀನು ಮತ್ತು ದೇಹ ತಯಾರಿಸುವ ಪ್ರತಿಕಾಯ, ಎರಡನ್ನೂ ಹುಡುಕುತ್ತದೆ. ತೋಳಿನಿಂದ ರಕ್ತ ತೆಗೆದು ಮಾಡಿದರೆ 18ರಿಂದ 45 ದಿನದೊಳಗೆ ಸೋಂಕು ಸಿಗುತ್ತದೆ. ಬೆರಳು ಚುಚ್ಚಿ ಮಾಡುವ ಟೆಸ್ಟುಗಳಿಗೆ 90 ದಿನದವರೆಗೆ ಬೇಕಾಗಬಹುದು. ನೀವು ಓದಿದ ‘3 ತಿಂಗಳು’ ಬಂದದ್ದು ಅಲ್ಲಿಂದ. ನಿಮ್ಮದು 13 ತಿಂಗಳು. ಯಾವ ಬಗೆಯ ಟೆಸ್ಟಾದರೂ ಆ ಘಟನೆಯ ಮಟ್ಟಿಗೆ ಮಾತು ಮುಗಿದಿದೆ. ಸಿಫಿಲಿಸ್ ರಕ್ತದಲ್ಲಿ 90 ದಿನದೊಳಗೆ ಸಿಗುತ್ತದೆ. ಗೊನೋರಿಯಾ, ಕ್ಲಮೀಡಿಯಾ ಎರಡು ವಾರದ ಮೇಲೆ ಮೂತ್ರದಲ್ಲಿ ಸಿಗುತ್ತವೆ. ಹೆಪಟೈಟಿಸ್ ಬಿ, ಸಿಗೆ ಆರು ತಿಂಗಳು ಅಂತಿಟ್ಟುಕೊಂಡರೂ ನೀವು ಅದನ್ನೂ ದಾಟಿದ್ದೀರಿ. ಬಿಗೆ ಲಸಿಕೆ ಇದೆ, ಹಾಕಿಸಿಕೊಂಡಿಲ್ಲ ಅಂದರೆ ಹಾಕಿಸಿಕೊಳ್ಳಿ, ಅದು ಉಪಯೋಗದ ಕೆಲಸ.

ಎಚ್‌ಐವಿ ಅಂಟಿದ ಹೊಸತರಲ್ಲಿ ಜ್ವರ, ಗಂಟಲು ನೋವು, ದದ್ದು ಬರುವುದಿದ್ದರೆ 2ರಿಂದ 4 ವಾರದಲ್ಲಿ ಬಂದು ತಾನೇ ಹೋಗುತ್ತದೆ. ನಾಲಿಗೆ ಮೇಲಿನ ಬಿಳುಪಿಗೆ ಬಾಯಿ ಒಣಗುವುದೇ ಸಾಕು, ಆತಂಕದಲ್ಲಿ ಬಾಯಿ ಒಣಗುತ್ತದೆ. ಗ್ರಂಥಿಗಳು ಎಲ್ಲರಿಗೂ ಇರುತ್ತವೆ, ತೆಳ್ಳಗಿನವರಿಗೆ ಕೈಗೂ ಸಿಗುತ್ತವೆ. ದಿನಕ್ಕೆ ಇಪ್ಪತ್ತು ಸಲ ಒತ್ತಿದರೆ ಯಾವ ಗ್ರಂಥಿಯಾದರೂ ನೋಯುತ್ತದೆ, ನೋವು ಕಂಡು ಮತ್ತೆ ಒತ್ತುತ್ತೀರಿ. ಗಂಡಸರು ನನ್ನ ಹತ್ತಿರ ಹೆದರಿ ಬರುವ ಇನ್ನೊಂದು ವಿಷಯ, ಶಿಶ್ನದ ತಲೆಯ ಸುತ್ತ ಸಾಲಾಗಿ ಇರುವ ಸಣ್ಣ ಸಣ್ಣ ಗುಳ್ಳೆಗಳು. ಅವು ದೇಹದ ಸಹಜ ರಚನೆ, ಎಷ್ಟೋ ಗಂಡಸರಿಗೆ ಇರುತ್ತವೆ, ಅಂಟುವುದಿಲ್ಲ. ಭಯ ಬಂದ ಮೇಲೆ ಮೊದಲ ಸಲ ಗಮನಿಸುತ್ತಾರೆ, ಹೊಸದಾಗಿ ಬಂದಿದೆ ಅಂದುಕೊಳ್ಳುತ್ತಾರೆ. ಒಂದು ಸಲ ವೈದ್ಯರಿಗೆ ತೋರಿಸಿದರೆ ಸಾಕು.

ಮುತ್ತು, ಲೋಟ, ಟವೆಲ್ಲಿನಿಂದ ಎಚ್‌ಐವಿ ಹರಡುವುದಿಲ್ಲ. ನಿಮಗೆ ಅದು ಇದ್ದಿದ್ದರೂ ಮಗಳನ್ನು ದೂರ ಇಡುವ ಅಗತ್ಯ ಇರುತ್ತಿರಲಿಲ್ಲ.

ಈಗ ನಿಮಗೆ ಇಷ್ಟವಾಗದ ಮಾತು. ‘100ಕ್ಕೆ 100 ಏನೂ ಇಲ್ಲ’ ಅನ್ನುವ ಚೀಟಿ ಯಾರೂ ಯಾರಿಗೂ ಕೊಡಲಾರರು. ಎಚ್‌ಪಿವಿ ಅನ್ನುವ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಲೈಂಗಿಕ ಜೀವನ ಇರುವ ಬಹುಪಾಲು ಜನರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಬಂದು ಹೋಗುತ್ತದೆ, ಹೆಚ್ಚಿನವರ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಹೊರಹಾಕುತ್ತದೆ, ಗಂಡಸರಿಗೆ ವಾಡಿಕೆಯ ಟೆಸ್ಟೂ ಇಲ್ಲ. ತುಟಿ, ಬಾಯಿಯ ಸುತ್ತ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರಿಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಬಹಳಷ್ಟು ಜನರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿರುತ್ತದೆ. ಇದನ್ನು ಓದಿ ನಿಮ್ಮ ಎದೆ ಹೊಡೆದುಕೊಳ್ಳುತ್ತಿರಬಹುದು. ಗೊತ್ತಿದ್ದೇ ಬರೆದೆ. ನಿಮಗೆ ಬೇಕಾಗಿರುವುದು ಹತ್ತನೇ ರಿಪೋರ್ಟ್ ಅಲ್ಲ, ಇಂಥ ಸಣ್ಣ ‘ಗೊತ್ತಿಲ್ಲ’ಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಮಗಳ ಜೊತೆ ಆಡುವ ಶಕ್ತಿ. ಎಲ್ಲರೂ ಹಾಗೇ ಬದುಕುತ್ತಿದ್ದೇವೆ.

ನಿದ್ದೆಗೆಟ್ಟವನು:

ಅಕ್ಕ, ತುಂಬಾ ಥ್ಯಾಂಕ್ಸ್. ಎಷ್ಟು ಸಮಾಧಾನ ಆಯಿತು ಅಂದರೆ ಹೇಳಲಾರೆ, ನಾಲ್ಕು ಸಲ ಓದಿದೆ. ಒಂದೇ ಒಂದು ಸಂಶಯ. ಕೆಲವರಲ್ಲಿ ಪ್ರತಿಕಾಯ ತಡವಾಗಿ ಬರುತ್ತದೆ ಅಂತ ಓದಿದ್ದೇನೆ. ನನಗೆ ಆ ಸಮಯದಲ್ಲಿ ಒಂದು ವಾರ ಆ್ಯಂಟಿಬಯೋಟಿಕ್ ಕೊಟ್ಟಿದ್ದರು, ಹಲ್ಲಿಗೆ. ಅದರಿಂದ ಟೆಸ್ಟ್ ರಿಸಲ್ಟ್ ಬದಲಾಗುವ ಸಾಧ್ಯತೆ ಇದೆಯಾ? ಇಷ್ಟು ಹೇಳಿಬಿಡಿ, ಮತ್ತೆ ಕೇಳುವುದಿಲ್ಲ.

ಕೌನ್ಸೆಲರ್ ಅಕ್ಕ:

ಇದಕ್ಕೆ ಉತ್ತರ ನನಗೆ ಗೊತ್ತಿದೆ. ಹೇಳುವುದಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ನಾನು ಬರೆದದ್ದು ಬೆಳಿಗ್ಗೆ, ನೀವು ಈ ಪ್ರಶ್ನೆ ಹಾಕಿದ್ದು ಸಂಜೆ. ನನ್ನ ಉತ್ತರ ನಿಮಗೆ ಕೊಟ್ಟ ನೆಮ್ಮದಿಯ ಆಯಸ್ಸು ಅಷ್ಟೇ, ಒಂದು ಹಗಲು. ಇದಕ್ಕೂ ಉತ್ತರ ಕೊಟ್ಟರೆ ನಾಳೆ ಬೆಳಿಗ್ಗೆ ಇನ್ನೊಂದು ಬರುತ್ತದೆ. ಪದೇ ಪದೇ ‘ಏನೂ ಆಗಲ್ಲ ಬಿಡು’ ಅನ್ನಿಸಿಕೊಳ್ಳುವುದೇ ಈ ಭಯಕ್ಕೆ ಗೊಬ್ಬರ ಅಂತ ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ ಅನ್ನುವ ಇಬ್ಬರು ತಜ್ಞರು 1986ರಲ್ಲೇ ಬರೆದರು, ಇವತ್ತಿನ ಚಿಕಿತ್ಸೆ ಆ ತಿಳಿವಳಿಕೆಯ ಮೇಲೇ ನಿಂತಿದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯೂ ಈ ಆರೋಗ್ಯದ ಭಯವನ್ನು ಗೀಳು ಕಾಯಿಲೆಯ ಕುಟುಂಬದಲ್ಲೇ ಇಟ್ಟಿದೆ.

ಇವತ್ತು ರಾತ್ರಿ ಈ ಪ್ರಶ್ನೆ ಉತ್ತರ ಇಲ್ಲದೆ ಹಾಗೇ ಇರಲಿ. ಹುಡುಕಬೇಡಿ. ಬೇರೆ ಯಾರನ್ನೂ ಕೇಳಬೇಡಿ. ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ, ಆಗಲಿ. ನಾಳೆ ಬಂದು ರಾತ್ರಿ ಹೇಗಿತ್ತು ಅಂತ ಮಾತ್ರ ಬರೆಯಿರಿ.

ಹೊಸ್ತಿಲು:

ನಾನು ಆ ಕಡೆಯಿಂದ ಬರೆಯುತ್ತಿದ್ದೇನೆ. ಬಾತ್‌ರೂಮ್ ಬಾಗಿಲಿನ ಹೊರಗೆ ನಿಂತಿರುತ್ತಿದ್ದವಳು ನಾನು. ಬಾಗಿಲ ಕೆಳಗಿನ ಸಂದಿಯಿಂದ ಟಾರ್ಚ್ ಬೆಳಕು ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು. ನಲವತ್ತು ನಿಮಿಷ. ನೀರಿನ ಸದ್ದಿಲ್ಲ, ಏನಿಲ್ಲ. ನನ್ನ ಗಂಡ ಒಳಗೆ ಏನು ಮಾಡುತ್ತಿದ್ದಾರೆ ಅಂತ ನನಗೆ ಏನೇನೋ ಯೋಚನೆ ಬರುತ್ತಿತ್ತು, ಇದೊಂದು ಬಿಟ್ಟು.

‘ಅವಳು ಕೇಳುವುದನ್ನೂ ನಿಲ್ಲಿಸಿದ್ದಾಳೆ’ ಅಂತ ಬರೆದಿದ್ದೀರಲ್ಲ, ನಿಲ್ಲಿಸಿದ್ದಾಳೆ ಅಂದರೆ ಗಮನಿಸುತ್ತಿಲ್ಲ ಅಂತಲ್ಲ. ತನ್ನಲ್ಲೇ ಏನೋ ಕೊರತೆ ಅಂದುಕೊಂಡಿರುತ್ತಾಳೆ. ನಾನು ಹಾಗೇ ಅಂದುಕೊಂಡಿದ್ದೆ, ಎಂಟು ತಿಂಗಳು.

ನಮ್ಮವರು ಒಂದು ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಎಲ್ಲ ಹೇಳಿದರು. ಅವರ ತಪ್ಪು ಮದುವೆಗೆ ಮುಂಚಿನದು, ನಿಮ್ಮದರ ಹಾಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಹೇಳಿದ್ದರಿಂದ ಭಯ ಹೋಗಲಿಲ್ಲ. ಮರುದಿನ ಇನ್ನೊಂದು ವಿವರ ನೆನಪಾಯಿತು ಅಂತ ಬಂದು ಹೇಳಿದರು, ಅದರ ಮರುದಿನ ಇನ್ನೊಂದು. ತಪ್ಪೊಪ್ಪಿಗೆಯೂ ಅವರಿಗೆ ಒಂದು ಟೆಸ್ಟ್ ಆಗಿಬಿಟ್ಟಿತ್ತು. ನನ್ನ ಮುಖ ನೋಡಿ ರಿಸಲ್ಟ್ ಓದುತ್ತಿದ್ದರು. ನಾನು ‘ಏನಿಲ್ಲ ಬಿಡ್ರಿ’ ಅನ್ನಬೇಕು, ದಿನಕ್ಕೆ ಹತ್ತು ಸಲ, ಒಂದು ಸಲ ದನಿ ಬೇರೆಯಾದರೂ ಮತ್ತೆ ಮೊದಲಿಂದ.

ಆಮೇಲೆ ಅವರ ಥೆರಪಿಸ್ಟ್ ನನ್ನನ್ನೂ ಕರೆದು ಒಂದು ಮಾತು ಕಲಿಸಿದರು. ‘ನಿಮಗೆ ಹೆದರಿಕೆ ಆಗಿದೆ ಅಂತ ಕಾಣುತ್ತಿದೆ. ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಬನ್ನಿ, ಜೊತೆಗೆ ಕೂತಿರೋಣ.’ ಮೊದಲ ಸಲ ಹೇಳಿದಾಗ ನನಗೇ ಅಳು ಬಂತು, ಕಲ್ಲು ಹೃದಯದವಳು ಅನಿಸಿತು. ಅವರು ಸಿಟ್ಟಾಗಿ ಎದ್ದು ಹೋದರು. ಅರ್ಧ ಗಂಟೆ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಏನೂ ಕೇಳಲಿಲ್ಲ.

ನೀವು ಹೆಂಡತಿಗೆ ಹೇಳಬೇಕೋ ಬೇಡವೋ ಅಂತ ನಾನು ಹೇಳಲಾರೆ. ಹೇಳಿದರೆ ಅವಳಿಗೆ ನೋವಾಗುತ್ತದೆ, ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ಅವಳಿಗೆ ಹಕ್ಕಿದೆ. ಕೇಳಿಕೊಳ್ಳುವುದು ಇಷ್ಟೇ, ಭಯ ನೆತ್ತಿಗೇರಿದ ರಾತ್ರಿ ಹೇಳಬೇಡಿ, ನಿಮ್ಮ ಎದೆ ಭಾರ ಇಳಿಸಿಕೊಳ್ಳಲು ಮಾತ್ರ ಹೇಳಬೇಡಿ. ಮೊದಲು ಒಬ್ಬ ಥೆರಪಿಸ್ಟ್ ಹತ್ತಿರ ತಪ್ಪಿನ ಮಾತನ್ನು ಆಡಿ ಬನ್ನಿ. ನನಗನಿಸುವುದು, ನಿಮಗೆ ಇರುವುದು ಅರ್ಧ ರೋಗದ ಭಯ, ಅರ್ಧ ಶಿಕ್ಷೆ ಯಾವಾಗ ಬರುತ್ತದೋ ಅನ್ನುವ ಭಯ. ಎರಡನೆಯದನ್ನು ಯಾವ ಲ್ಯಾಬಿನಲ್ಲೂ ಅಳೆಯುವುದಿಲ್ಲ. ‘ನನಗೆ ಮೈ ಹುಷಾರಿಲ್ಲ ಅಲ್ಲ, ಮನಸ್ಸು ಹುಷಾರಿಲ್ಲ, ವೈದ್ಯರ ಹತ್ತಿರ ಹೋಗುತ್ತಿದ್ದೇನೆ, ನಿನ್ನ ತಪ್ಪು ಏನೂ ಇಲ್ಲ’ ಅಂತ ಇವತ್ತೇ ಹೇಳಬಹುದು ಅಲ್ವಾ? ಅಷ್ಟು ಮಾತು ಯಾರೂ ನನಗೆ ಹೇಳಿರಲಿಲ್ಲ.

ದಿನಕ್ಕೊಂದು ಮಾತ್ರೆ:

ತಮ್ಮಾ, ನನಗೆ 48. ನೀನು ಅಂತ ಕರೆಯುತ್ತೇನೆ. 2009ರಿಂದ ನನಗೆ ಎಚ್‌ಐವಿ ಇದೆ. ಮೊದಲ ಗಂಡನಿಂದ ಬಂತು, ಅವರು ಈಗ ಇಲ್ಲ.

‘ಅದು ಬಂದರೆ ಬದುಕೇ ಮುಗಿದ ಹಾಗೆ’ ಅಂತ ಬರೆದಿದ್ದೀಯ. ಸಿಟ್ಟಿನಿಂದ ಹೇಳುತ್ತಿಲ್ಲ, ಆದರೆ ನೀನು ಮುಗಿಯಿತು ಅಂದುಕೊಂಡಿರುವ ಆ ಜಾಗದಲ್ಲಿ ನಾನು ಇಷ್ಟು ವರ್ಷದಿಂದ ಇದ್ದೇನೆ. ರಾತ್ರಿ ಊಟದ ಮೇಲೆ ಒಂದು ಮಾತ್ರೆ. ಆರು ತಿಂಗಳಿಗೊಮ್ಮೆ ರಕ್ತ. ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇದೆ. ಮತ್ತೆ ಮದುವೆಯಾದೆ, 11 ವರ್ಷವಾಯಿತು, ಅವರು ನೆಗೆಟಿವ್. ನಾನೂ ಮೊದಮೊದಲು ಅವರಿಗೆ ಅಂಟೀತು ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದೆ. ಆಮೇಲೆ 2016ರಲ್ಲಿ ಪಾರ್ಟ್‌ನರ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ನಮ್ಮಂಥ 888 ಜೋಡಿಗಳು, ಒಬ್ಬರಿಗೆ ಇದೆ, ಇನ್ನೊಬ್ಬರಿಗೆ ಇಲ್ಲ. ಇರುವವರು ಮಾತ್ರೆ ತೆಗೆದುಕೊಂಡು ವೈರಸ್ ಅಡಗಿಸಿಕೊಂಡಿದ್ದಾರೆ. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದರೂ ಒಬ್ಬರಿಗೂ ತಮ್ಮ ಸಂಗಾತಿಯಿಂದ ಸೋಂಕು ಬಂದಿರಲಿಲ್ಲ. ಡಾಕ್ಟರ್ ಅದನ್ನು ನಮ್ಮಿಬ್ಬರ ಎದುರು ಓದಿ ಹೇಳಿದ ದಿನ ನನ್ನ ಗಂಡ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ನಿನ್ನ ಮನಸ್ಸು ಒಂದು ಸಿನಿಮಾ ತೋರಿಸುತ್ತದೆ, ಅದರಲ್ಲಿ ನನ್ನಂಥವರು ಒಣಗಿದ ಮೈ, ಕತ್ತಲ ಕೋಣೆ, ಯಾರೂ ಇಲ್ಲ. ಅದು ಮಾತ್ರೆ ಸಿಗದಿದ್ದ ಕಾಲದ್ದು. ಚಿಕಿತ್ಸೆ ಬದಲಾಗಿದ್ದು 1996ರ ಸುಮಾರಿಗೆ, ನೀನು ಶಾಲೆಗೆ ಸೇರುವ ಮೊದಲೋ ಏನೋ. ಆ ಹಳೇ ಚಿತ್ರಕ್ಕೆ ನಿನ್ನ ಮಗಳ ಒಂದು ವರ್ಷ ಕೊಟ್ಟಿದ್ದೀಯ. ಇನ್ನು ಕೊಡಬೇಡ ಮಗಾ.

ನಿದ್ದೆಗೆಟ್ಟವನು:

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಕೌನ್ಸೆಲರ್ ಅಕ್ಕ ‘ಹೇಳುವುದಿಲ್ಲ’ ಅಂದಾಗ ತುಂಬಾ ಸಿಟ್ಟು ಬಂದಿತ್ತು. ಫೋನ್ ಆಫ್ ಮಾಡಿ ಹಾಲ್‌ನಲ್ಲಿ ಇಟ್ಟು ಬಂದು ಮಲಗಿದೆ. ಆ ರಾತ್ರಿ ಎರಡು ಸಲ ಎದ್ದು ಹೋಗಿ ಫೋನ್ ಕೈಗೆತ್ತಿಕೊಂಡೆ. ಆನ್ ಮಾಡಲಿಲ್ಲ. ಬೆಳಗಿನ ಜಾವ ಯಾವಾಗಲೋ ನಿದ್ದೆ ಬಂತು. ಎದ್ದಾಗ ಪ್ರಶ್ನೆ ಹಾಗೇ ಇತ್ತು, ಆದರೆ ರಾತ್ರಿಯಷ್ಟು ದೊಡ್ಡದಾಗಿ ಇರಲಿಲ್ಲ. ಆ ಆ್ಯಂಟಿಬಯೋಟಿಕ್ ಪ್ರಶ್ನೆಗೆ ಇವತ್ತಿನವರೆಗೂ ನನಗೆ ಉತ್ತರ ಗೊತ್ತಿಲ್ಲ.

ಹೊಸ್ತಿಲು ಅವರು ಬರೆದ ಆ ಮಾತನ್ನು ಹೆಂಡತಿಗೆ ಹಾಗೇ ಹೇಳಿದೆ, ಮನಸ್ಸು ಹುಷಾರಿಲ್ಲ ಅಂತ. ಅವಳು ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನನಗೆ ಬೇರೆ ಏನೋ ಅನಿಸಿತ್ತು’ ಅಂದಳು. ಆ ಬೇರೆ ವಿಷಯವನ್ನು ನಾನು ಇನ್ನೂ ಹೇಳಿಲ್ಲ. ಹೇಳಬೇಕು ಅಂತಿದೆ. ಥೆರಪಿಸ್ಟ್ ಜೊತೆ ಅದರ ಬಗ್ಗೆಯೇ ಎರಡು ಸಲ ಮಾತಾಡಿದ್ದೇವೆ, ಅವಳನ್ನೂ ಕರೆದುಕೊಂಡು ಹೋಗಿ ಅವರ ಎದುರೇ ಹೇಳುವ ಯೋಚನೆ ಇದೆ.

ನಾಲಿಗೆ ನೋಡುವುದು ದಿನಕ್ಕೆ ಒಂದು ಸಲಕ್ಕೆ ಇಳಿದಿದೆ, ಟಾರ್ಚ್ ಇಲ್ಲದೆ. ಗಂಟು ಒತ್ತುವುದು ಇನ್ನೂ ಪೂರ್ತಿ ಬಿಟ್ಟಿಲ್ಲ, ಕೈ ತಾನಾಗೇ ಹೋಗುತ್ತದೆ. ಲೋಟ ಒಂದೇ ಆಗಿದೆ. ಮೊನ್ನೆ ಮಗಳು ಕುಡಿದು ಬಿಟ್ಟ ಹಾಲನ್ನು ಕುಡಿದೆ, ಆಮೇಲೆ ನನ್ನ ಲೋಟದ ನೀರನ್ನು ಅವಳು ಕುಡಿದಳು, ನಾನು ನೋಡುತ್ತಾ ಕೂತೆ, ತಡೆಯಲಿಲ್ಲ. ಕೈ ನಡುಗುತ್ತಿತ್ತು. ಅವಳಿಗೆ ಅದೇನೂ ಗೊತ್ತಿಲ್ಲ, ‘ಇನ್ನೂ ಬೇಕು’ ಅಂದಳು.

ದಿನಕ್ಕೊಂದು ಮಾತ್ರೆ ಅಕ್ಕ, ನಿಮ್ಮ ಕ್ಷಮೆ ಕೇಳುತ್ತೇನೆ. ಆ ಸಾಲು ಬರೆಯುವಾಗ ಅದನ್ನು ಯಾರು ಓದಬಹುದು ಅಂತ ನಾನು ಯೋಚಿಸಿರಲಿಲ್ಲ.

ಮನೋವೈದ್ಯರು ಮಾತ್ರೆ ಬರೆದಿದ್ದಾರೆ, ನಾಳೆಯಿಂದ ಶುರು. ಇದು ರೋಗದ ಪ್ರಶ್ನೆ ಅಲ್ಲ, ಮಾತ್ರೆಯ ಪ್ರಶ್ನೆ: ತೆಗೆದುಕೊಂಡವರಿಗೆ ಮೊದಮೊದಲು ಹೇಗಿತ್ತು?

ಮಳೆಬಿಲ್ಲು_22:

ಇದಕ್ಕೆ ಉತ್ತರ ಕೊಡುತ್ತೇನೆ. ನನಗೆ ಮೊದಲ ಹತ್ತು ದಿನ ಆತಂಕ ಇಳಿಯುವ ಬದಲು ಸ್ವಲ್ಪ ಏರಿತು. ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಹಾಳಾಯಿತು. ಎಷ್ಟೋ ಜನಕ್ಕೆ ಹಾಗಾಗುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಗೀಳಿನ ಥರದ್ದಕ್ಕೆ ಕೆಲವು ಸಲ 12 ವಾರವೂ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಮೈಯಲ್ಲಿ ಏನೇನೋ ಆದಾಗ ‘ಇದು ಅದೇ ಇರಬಹುದಾ’ ಅನಿಸುವುದು ಗ್ಯಾರಂಟಿ, ಮೊದಲೇ ಹೇಳಿಟ್ಟಿರುತ್ತೇನೆ. ನೀವಾಗೇ ನಿಲ್ಲಿಸಬೇಡಿ, ಡೋಸ್ ಬದಲಿಸಬೇಡಿ. ತಡೆಯಲಾಗದಷ್ಟು ಚಡಪಡಿಕೆ ಆದರೆ, ಸಾಯುವ ಯೋಚನೆ ಬಂದರೆ, ಮುಂದಿನ ಭೇಟಿಗೆ ಕಾಯದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ನಾನು ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳುತ್ತಿದ್ದೆ, ಖಾಲಿ ಹೊಟ್ಟೆಯಲ್ಲಿ ತೊಳಸುತ್ತಿತ್ತು.